ಗುಂಡಿ ಒತ್ತುವ ಸೀಟಿ

ಕೊರೋನಾದ ಆ ಚಳಿಗಾಲ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆ ಊರಿನ ಮುಂದಿದ್ದ ಗಹನ ಪ್ರಶ್ನೆ ಒಂದು ಸೀಟಿಯದು. ಐಸ್ ಹಾಕಿ ಆಟದ ರೆಫರಿಗಳು ಮಾಸ್ಕ್ ತೆಗೆಯದಿರಲೆಂದು ಗುಂಡಿ ಒತ್ತಿದರೆ ಕೂಗುವ ಸೀಟಿ ಕೊಟ್ಟಿದ್ದರು. ಕಾಫಿ ಅಂಗಡಿಯ ಸಾಲಿನ ಆರಡಿ ಅಂತರದಲ್ಲಿ ಗುಟ್ಟು ಉಳಿಯದು. ಹಿಂದೆ ನಿಂತ ಅದೇ ಊರಿನ ಮರ್ನಾಗೆ ಮುಂದಿದ್ದ ಇಬ್ಬರ ಮಾತೆಲ್ಲವೂ ಕೇಳಿಸಿತು.

“ಶನಿವಾರ ಮಕ್ಕಳ ಪಂದ್ಯಕ್ಕೆ ಉಳಿದಿರೋ ರೆಫರಿ ನೀನೊಬ್ಬನೇ, ಓರೆಸ್ಟ್,” ಎಂದಳು ಪಂದ್ಯ ನಡೆಸುವ ಡಾರ್ಲೀನ್. “ಬೈಯೋಕೆ ಅಪ್ಪಂದಿರೂ ಒಳಗೆ ಬರಂಗಿಲ್ಲ.”

“ಬರಲ್ಲ ಕಣೇ.”

“ಸೀಟಿ ಮೇಲೆ ಮುನಿಸಾ?”

“ಹೋದ ತಿಂಗಳ ಪಂದ್ಯದಲ್ಲಿ ಹುಡುಗರ ಹೊಡೆದಾಟ ಬಿಡಿಸೋವಾಗ ಗುಂಡಿ ಮರೆತೆ. ಮಾಸ್ಕ್ ಎಳೆದು ಹಳೇ ಸೀಟಿ ಊದ್ಬಿಟ್ಟೆ. ಆ ಹುಡುಗರಲ್ಲೊಬ್ಬನಿಗೆ ಸೋಂಕಿತ್ತು.”

“ಮನೇಲಿ ಯಾರಿಗೂ ಏನೂ ಆಗ್ಲಿಲ್ವಲ್ಲ.”

“ನನ್ನ ಹೆಂಡ್ತಿಗಿರೋದು ಒಂದೇ ಶ್ವಾಸಕೋಶ. ಎರಡು ವಾರ ಅವಳ ಕೋಣೆ ಬಾಗಿಲ ಈಚೆ ಕೂತು, ಅವಳು ಕೆಮ್ಮಿದಳಾ ಅಂತ ಕಿವಿಗೊಟ್ಟಿದ್ದೆ. ಇನ್ನೊಂದ್ಸಲ ಆಗಲ್ಲ.”

ಅವನು ಎರಡು ಕಾಫಿ ಹಿಡಿದು ಹೊರಟ. ಶನಿವಾರ ಆಟ ನಡೆಯಲಿಲ್ಲ.