ಹೊರಗೋಡೆಯ ಮೆಟ್ಟಿಲು

ಕರ್ತನ ಭೋಜನದ ಮೇಜು ಸಿದ್ಧವಾಗಿದೆ. ಬಿಳಿ ಬಟ್ಟೆ ಹಾಸಿದೆ, ರೊಟ್ಟಿ ಇದೆ, ದ್ರಾಕ್ಷಾರಸದ ಪಾತ್ರೆ ಇದೆ. ಸ್ವಲ್ಪ ತಡೆಯಿರಿ, ಪ್ರಿಯರೇ. ಅವಸರ ಬೇಡ. ಇದರ ಹತ್ತಿರ ಬರುವ ಮೊದಲು ನೀವು ಒಂದು ಕಥೆ ಕೇಳಬೇಕು.

ನಮ್ಮ ಹಾಗೆಯೇ ಹತ್ತಿ ಬೆಳೆಯುವ ಸೀಮೆ, ಆದರೆ ಇಲ್ಲಿಯದಲ್ಲ, ಅಮೆರಿಕ ದೇಶದ ದಕ್ಷಿಣದ ಕಡೆಯದು. ಅಲ್ಲೊಂದು ಹಳ್ಳಿ, ಆ ಹಳ್ಳಿಗೆ ಒಬ್ಬನೇ ಶ್ರೀಮಂತ. ಕಣ್ಣು ಹಾಯಿಸಿದಷ್ಟು ದೂರ ಅವನದೇ ಹೊಲ. ಹೊಲದಲ್ಲಿ ದುಡಿಯುವವರೂ ಅವನವರೇ. ಅವನವರು ಅಂದರೆ ನೆಂಟರು ಎಂದುಕೊಂಡಿರಾ? ಅಲ್ಲ. ಸಂತೆಯಲ್ಲಿ ಹಲ್ಲು ನೋಡಿ ಎತ್ತು ಕೊಳ್ಳುತ್ತೇವಲ್ಲ, ಹಾಗೆ ಕೊಂಡ ಕರಿಯ ಜನ. ಗುಲಾಮರು. ಮುಂದೆ ಇದೇ ವಿಷಯಕ್ಕೆ ಆ ದೇಶದವರು ತಮ್ಮತಮ್ಮಲ್ಲೇ ಬಂದೂಕು ಹಿಡಿದು ಯುದ್ಧ ಮಾಡಿದರು. ನಾನು ಹೇಳುತ್ತಿರುವುದು ಆ ಯುದ್ಧಕ್ಕೂ ಮುಂಚಿನ ಕಾಲದ ಮಾತು.

ಹಾಗಾದರೆ ಇವನು ದೇವರ ಭಯವಿಲ್ಲದವನೇ? ಅಲ್ಲ, ತೊಂದರೆ ಇರುವುದೇ ಅಲ್ಲಿ. ಇವನು ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಸಭೆಯ ಹಿರಿಯ, ಅಂದರೆ ಸಭೆಯ ಆಡಳಿತ ನಡೆಸುವವರಲ್ಲಿ ಒಬ್ಬ. ಬೆಳಿಗ್ಗೆ ಸಂಜೆ ಪ್ರಾರ್ಥನೆ ತಪ್ಪಿಸಿದವನಲ್ಲ. ಊರಿನ ಹಳೆಯ ಮರದ ದೇವಾಲಯಕ್ಕೆ ಗೆದ್ದಲು ಹಿಡಿದಾಗ, ನಾನೇ ಹೊಸದು ಕಟ್ಟಿಸುತ್ತೇನೆ ಎಂದು ಎದ್ದು ನಿಂತವನು.

ಕಟ್ಟಿಸಿದ. ಹೇಗೆ ಕಟ್ಟಿಸಿದ ಅಂತೀರಿ! ಹಳ್ಳದ ಕೆಂಪು ಮಣ್ಣನ್ನು ಆ ಗುಲಾಮರೇ ತುಳಿದರು, ಅವರೇ ಇಟ್ಟಿಗೆ ಕೊಯ್ದರು, ಅವರೇ ಭಟ್ಟಿ ಸುಟ್ಟರು. ಮುಂದೆ ನಾಲ್ಕು ದಪ್ಪ ಕಂಬ. ಒಳಗೆ ಇಟ್ಟಿಗೆ, ಮೇಲೆ ಗಾರೆ, ದೂರದಿಂದ ನೋಡಿದರೆ ಬಿಳಿ ಕಲ್ಲೇ. ಕಂಬಗಳ ಹಿಂದೆ ಜೋಡಿ ಬಾಗಿಲು. ಒಳಗೆ ಚಿತ್ರವಿಲ್ಲ, ಬಣ್ಣದ ಗಾಜಿಲ್ಲ, ಸುಣ್ಣದ ಗೋಡೆ, ಉದ್ದನೆಯ ಕಿಟಕಿ, ಎತ್ತರದ ಪ್ರಸಂಗಪೀಠ. ದೇವರ ವಾಕ್ಯವೊಂದೇ ಸಾಕು, ಅಲಂಕಾರ ಬೇಡ ಎನ್ನುವ ಸಭೆ ಅದು. ಅಲಂಕಾರ ಬೇಡ, ಸರಿ. ಆದರೆ ಒಂದೊಂದು ಬೆಂಚಿಗೂ ಒಂದೊಂದು ಪುಟ್ಟ ಬಾಗಿಲು ಬೇಕಾಗಿತ್ತು. ಈ ಬೆಂಚು ಈ ಮನೆತನದ್ದು, ಆ ಬೆಂಚು ಆ ಮನೆತನದ್ದು. ಒಳಗೆ ಹೋಗಿ ಕೂತು ಅಗುಳಿ ಹಾಕಿಕೊಳ್ಳುವುದು. ದೇವರು ಬಂದರೆ ಬಾಗಿಲು ತಟ್ಟಬೇಕಿತ್ತೋ ಏನೋ!

ಗುಲಾಮರಿಗೆ ಮೇಲೆ, ಮೂರು ಗೋಡೆಯ ಉದ್ದಕ್ಕೂ ಮರದ ಅಟ್ಟ. ಅಟ್ಟಕ್ಕೆ ಮೆಟ್ಟಿಲು ಎಲ್ಲಿ? ಮೇಸ್ತ್ರಿ ಕೇಳಿದ, "ಬಾಗಿಲಾ ದಾಟಿದ ಕೂಡ್ಲೆ ಒಳಗ ಇಡೂಣೇನ್ರಿ?" ಅಮೆರಿಕದವರು ಧಾರವಾಡದ ಮಾತಾಡಿದರೇ ಎಂದು ನಗಬೇಡಿ. ನಿಮಗೆ ತಿಳಿಯಲಿ ಎಂದು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

ಶ್ರೀಮಂತ ಹೇಳಿದ, "ಒಳಗ ಯಾಕ? ನಮ್ಮ ಬಾಗಿಲದಾಗ ಅವರ ಕಾಲು ಯಾಕ? ಹಿಂದಿನ ಗ್ವಾಡಿಗೆ, ಹೊರಗ ಹಚ್ಚು."

ಹಿಂದಿನ ಗೋಡೆಯಲ್ಲಿ ಎರಡು ಕಿಟಕಿ. ಕಿಟಕಿಯ ಅಂದ ಕೆಡಬಾರದೆಂದು ಅವೆರಡರ ನಡುವಿನ ಜಾಗದಲ್ಲೇ ಮೆಟ್ಟಿಲನ್ನು ತುರುಕಿದರು. ಏಣಿಯ ಹಾಗೆ ಕಡಿದು, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಇಕ್ಕಟ್ಟು. ಅದರಲ್ಲೂ ಒಂದು ದೊಡ್ಡ ಎಡವಟ್ಟು ಮಾಡಿದರು, ನೋಡಿ. ಅಟ್ಟದಿಂದ ಕೆಳಗಿನ ಮೇಜಿಗೆ ಒಳಗಿನಿಂದ ದಾರಿಯೇ ಇಲ್ಲ! ಹಾಗಾದರೆ ಕರ್ತನ ರೊಟ್ಟಿ ಅಟ್ಟಕ್ಕೆ ಹೋಗುವುದು ಹೇಗೆ? ಮೊದಲ ಭೋಜನದ ದಿನ ತಟ್ಟೆ ಕೈಯಲ್ಲಿ ಹಿಡಿದಾಗಲೇ ಇದು ಅವರ ತಲೆಗೆ ಹೊಳೆದದ್ದು. ಅಂದಿನಿಂದ ಹಿರಿಯರಲ್ಲಿ ಚಿಕ್ಕವನೊಬ್ಬ ರೊಟ್ಟಿಯನ್ನು ಬಾಗಿಲಿನಿಂದ ಆಚೆ ತಂದು, ಕಟ್ಟಡವನ್ನು ಸುತ್ತಿ, ಹಿಂದಿನ ಮೆಟ್ಟಿಲು ಹತ್ತಿ ಕೊಟ್ಟು ಬರುವುದು ರೂಢಿಯಾಯಿತು. ಅವರನ್ನು ಹೊರಗಿಡಲು ಹೋಗಿ ತಮ್ಮ ರೊಟ್ಟಿಯನ್ನೇ ಹೊರಗೆ ಹಾಕಿದರು.

ಈ ಶ್ರೀಮಂತನ ತಾಯಿ ಬಾಣಂತಿತನದಲ್ಲೇ ತೀರಿಹೋಗಿದ್ದಳು. ಇವನಿಗೆ ಹಾಲು ಕುಡಿಸಿದವಳು ಒಬ್ಬ ಗುಲಾಮ ಹೆಂಗಸು. ತನ್ನ ಕೂಸಿಗೆ ಅರೆಹೊಟ್ಟೆ ಮಾಡಿ ಇವನಿಗೆ ಕುಡಿಸಿದಳು. ಈಗ ಅವಳು ಹಣ್ಣು ಮುದುಕಿ, ಇವನ ತಲೆಯೂ ಬೆಳ್ಳಗಾಗಿದೆ. ಆದರೂ ಅವಳ ಬಾಯಲ್ಲಿ ಇವನು ಇನ್ನೂ 'ಸಣ್ಣ ಧಣಿ'. ಭಾನುವಾರ ಕೀರ್ತನೆ ಹಾಡುವಾಗ ಹಿಂದಿನಿಂದ ಅವಳ ದನಿ ಕೇಳಿದರೆ ಇವನು ಹೆಂಡತಿಗೆ ಹೇಳುತ್ತಿದ್ದ, "ಕೇಳ, ಅಟ್ಟದ ಮ್ಯಾಲ ನಮ್ಮ ಮುದುಕಿ ಹಾಡಾಕತ್ತಾಳ." ಹೇಳುವಾಗ ಎದೆ ಉಬ್ಬುತ್ತಿತ್ತು. ತನ್ನ ದೇವಾಲಯದಲ್ಲಿ ಅವಳಿಗೂ ಜಾಗ ಕೊಟ್ಟಿದ್ದೇನಲ್ಲ ಎಂಬ ತೃಪ್ತಿ.

ಆ ಸಭೆಯಲ್ಲಿ ಭೋಜನ ವರ್ಷಕ್ಕೆ ಎರಡೇ ಸಲ, ಬಿತ್ತನೆಯ ಕಾಲಕ್ಕೊಮ್ಮೆ, ಹತ್ತಿ ಬಿಡಿಸಿದ ಮೇಲೊಮ್ಮೆ. ಅದರ ಮುಂಚಿನ ವಾರ ಹಿರಿಯರು ಒಬ್ಬೊಬ್ಬರನ್ನೇ ಕರೆದು ವಿಚಾರಿಸಿ, ಯೋಗ್ಯರೆನಿಸಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ತೋರಿಸಿದವರಿಗೆ ರೊಟ್ಟಿ. ಬಳಸದಿದ್ದರೆ ಬಿಲ್ಲೆಯನ್ನು ಹಿಂದಕ್ಕೆ ಕೊಡಬೇಕು. ಕೆಳಗಿನವರಿಗೆ ಬೆಳ್ಳಿಯ ಬಿಲ್ಲೆ, ಅಟ್ಟದವರಿಗೆ ತಗಡಿನದು. ಆ ಸಲ ಮುದುಕಿಯನ್ನು ವಿಚಾರಿಸಿದವನು ಇವನೇ.

"ಯಾರ ಮ್ಯಾಲರ ಸಿಟ್ಟು ಇಟ್ಕೊಂಡೀಯೇನು?"

"ನನಗ ಯಾರ ಮ್ಯಾಲ ಸಿಟ್ಟ್ರಿ, ಸಣ್ಣ ಧಣ್ಯಾರ?"

ತಗಡಿನ ಬಿಲ್ಲೆ ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಅವರಿಗೆಲ್ಲಿಯ ಸೆರಗು ಅಂತೀರಾ? ಲಂಗದ ಚುಂಗಿಗೆ ಅಂದುಕೊಳ್ಳಿ.

ಭೋಜನದ ಭಾನುವಾರ ಬಂತು. ಅಟ್ಟಕ್ಕೆ ಒಯ್ಯಬೇಕಾದ ಹಿರಿಯ ಜ್ವರ ಬಂದು ಮಲಗಿದ್ದ. ಸಭಾಪಾಲಕರು ತಟ್ಟೆಯನ್ನು ನಮ್ಮ ಶ್ರೀಮಂತನ ಕೈಗೆ ಕೊಟ್ಟರು. ತಾನೇ ಕಟ್ಟಿಸಿದ ದೇವಾಲಯದ ಹಿಂಬದಿಗೆ ಅವನು ಹೋದದ್ದು ಅಂದೇ ಮೊದಲು. ಎರಡೂ ಕೈಯಲ್ಲಿ ತಟ್ಟೆ, ಕೈಯಾಸರೆಗೆ ಕಟಕಟೆ ಇಲ್ಲ, ಅದನ್ನು ಇಡಿಸದವನೂ ತಾನೇ. ಉಸಿರು ಬಿಗಿಹಿಡಿದು ಹತ್ತಿದ. ಅರ್ಧಕ್ಕೆ ಬಂದು ತಲೆಯೆತ್ತಿದರೆ ಮೆಟ್ಟಿಲ ಮೇಲೆ ಮುದುಕಿ ಕೂತಿದ್ದಾಳೆ, ಗೋಡೆಗೆ ಕಿವಿ ಹಚ್ಚಿಕೊಂಡು.

"ಇಲ್ಲ್ಯಾಕ ಕುಂತಿ?"

"ಇದರ ಮ್ಯಾಲ ಏರಾಕ ಮಣಕಾಲು ಬರೂದಿಲ್ರಿ. ಇಲ್ಲಿ ಕುಂತ್ರೂ ಅಯ್ಯನೋರ ಮಾತು ಛಲೋ ಕೇಳಸ್ತೈತ್ರಿ."

"ಯಾವಾಗಿಂದ ಇಲ್ಲಿ ಕುಂದರ್ತಿ?"

"ಗುಡಿ ಕಟ್ಟಿದಾಗಿಂದ್ರಿ."

ಅಟ್ಟದಿಂದ ಎಂದು ಅವನು ಹೆಮ್ಮೆಪಟ್ಟ ಆ ದನಿ ಇಷ್ಟು ವರ್ಷ ಗೋಡೆಯ ಆಚೆಯಿಂದ, ಬಿಸಿಲಿನಿಂದ, ಚಳಿಯಿಂದ ಬರುತ್ತಿತ್ತು.

ಮುದುಕಿ ಅಂಗೈ ಬಿಚ್ಚಿದಳು. ಬಿಲ್ಲೆ ಇತ್ತು. ಅಲ್ಲೇ ಒಂದು ತುಂಡು ಕೊಟ್ಟುಬಿಡಬಹುದಿತ್ತು, ಹೌದೋ ಅಲ್ಲವೋ? ಆದರೆ ಇವನು ಕಟ್ಟಳೆಯ ಮನುಷ್ಯ. ಕೂಡಿದ ಸಭೆಯೊಳಗೆ ಕೂತವರಿಗೆ ಮೊದಲು ರೊಟ್ಟಿ, ಹೊರಗಿನವರಿಗೆ ಆಮೇಲೆ. ಮೆಟ್ಟಿಲು ದೇವಾಲಯದ ಒಳಗೋ, ಹೊರಗೋ? ಹೊರಗೆ. ಹೊರಗಿರಲಿ ಎಂದವನು ಯಾರು? ಅವನೇ.

"ಸ್ವಲ್ಪ ಕೆಳಗಿಳಿ, ನಾ ಮ್ಯಾಲ ಹೋಗಬೇಕು. ಬರೂ ಮುಂದ ಕೊಡ್ತೀನಿ," ಎಂದು ತಾನು ಮೊದಲು ಕೆಳಗಿಳಿದು ನಿಂತ.

ಅವಳು ಇಳಿದಳು. ಏಣಿ ಇಳಿಯುವ ಹಾಗೆ ಹಿಂದುಮುಂದಾಗಿ, ಇಟ್ಟಿಗೆಯ ಸಂದಿಗೆ ಬೆರಳು ಸಿಕ್ಕಿಸಿಕೊಂಡು, ಒಂದೊಂದೇ ಮೆಟ್ಟಿಲು. ಅವನು ನೋಡುತ್ತ ನಿಂತ. ಕರ್ತನ ರೊಟ್ಟಿ ಹಿಡಿದ ಕೈಗೆ ಮುದುಕಿಯ ಕೈ ಹಿಡಿಯಲು ಬಿಡುವಿರಲಿಲ್ಲ, ಪ್ರಿಯರೇ!

ಅಟ್ಟದಲ್ಲಿ ಜನ ಒತ್ತೊತ್ತಾಗಿ ಕೂತಿದ್ದರು. ಹಂಚಿದ. ರೊಟ್ಟಿ ತೀರಿತು. ಇಳಿದು ಬಂದಾಗ ಮುದುಕಿ ಬುಡದಲ್ಲಿ ಗೋಡೆ ಹಿಡಿದು ನಿಂತಿದ್ದಳು, ಅಂಗೈ ಚಾಚಿಕೊಂಡು. ಅವಳು ತಟ್ಟೆ ನೋಡಿದಳು. ಅವಳೇ ಇವನನ್ನು ಸಮಾಧಾನ ಮಾಡಿದಳು, "ಇರ್ಲಿ ಬಿಡ್ರಿ. ಹತ್ತಿ ಬಿಡಿಸಿದಮ್ಯಾಲ ಮತ್ತ ಐತಲ್ಲ."

ಕಥೆ ಇಲ್ಲಿಗೆ ನಿಂತಿದ್ದರೆ ಅವನ ಅಪರಾಧ ಸಣ್ಣದು ಅನ್ನಬಹುದಿತ್ತು. ಒಳಗೆ ಬಂದ. ಬಂದು ನೋಡಿದರೆ ಮೇಜಿನ ಮೇಲೆ ಅರ್ಧ ರೊಟ್ಟಿ ಹಾಗೇ ಇದೆ. ಅಲ್ಲಿಯೇ ಇದೆ! ಒಂದು ತುಂಡು ಮುರಿದುಕೊಂಡು ಮತ್ತೆ ಹೊರಗೆ ಹೋದರೆ ಮುಗಿಯಿತು. ಆದರೆ ಇಡೀ ಸಭೆ ತಿರುಗಿ ನೋಡುತ್ತದೆ. ಯಾರಿಗೆ ಎಂದು ಕೇಳುತ್ತಾರೆ. ಒಬ್ಬ ಗುಲಾಮ ಮುದುಕಿಗಾಗಿ ಸಭೆಯ ಹಿರಿಯ ಎರಡು ಸಲ ಓಡಾಡಿದ ಎಂದು ನಗುತ್ತಾರೆ. ಅವನು ತನ್ನ ಬೆಂಚಿಗೆ ಹೋಗಿ, ಪುಟ್ಟ ಬಾಗಿಲು ಎಳೆದುಕೊಂಡು, ಅಗುಳಿ ಹಾಕಿ ಕೂತ.

ಹತ್ತಿ ಒಡೆಯುವ ಮೊದಲೇ ಮುದುಕಿ ತೀರಿಕೊಂಡಳು.

ಮಣ್ಣು ಮಾಡಿದ ಮರುದಿನ ಅವಳ ಮಗಳು ಬಂದು ನಿಂತಳು, ಅರೆಹೊಟ್ಟೆಯಲ್ಲಿ ಬೆಳೆದ ಅದೇ ಕೂಸು. ಬಿಲ್ಲೆಯನ್ನು ಮುಂದಿಟ್ಟು, "ಗುಡೀದ್ರಿ ಇದು, ತಿರುಗಿ ಕೊಡು ಅಂತ ಹೇಳಿದ್ಲ್ರಿ ನಮ್ಮವ್ವ. ಬಳಸಿಲ್ರಿ," ಎಂದಳು. ಬೈಗುಳವಿಲ್ಲ, ಅಳುವಿಲ್ಲ. ಶ್ರೀಮಂತನಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಎಷ್ಟೋ ದಿನ ಅವನಿಗೆ ಕೀರ್ತನೆ ಹಾಡಲಾಗಲಿಲ್ಲ. ಹಿಂದಿನ ಗೋಡೆಯ ಕಡೆ ನೋಡಲೂ ನಾಚಿಕೆ.

ನಾಚಿಕೆ ಒಳ್ಳೆಯದು. ಆದರೆ ನಾಚಿದವನು ಏನು ಮಾಡಿದ, ಕೇಳಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹೊರಗಿನ ಮೆಟ್ಟಿಲು ಕೀಳಿಸಿ ಒಳಗೆ ಹೊಸದು ಮಾಡಿಸಿದ. ಅಗಲವಾದ ಮೆಟ್ಟಿಲು, ಮಕ್ಕಳೂ ಹತ್ತುವಷ್ಟು ತಗ್ಗು, ಕೈಯಾಸರೆಗೆ ನುಣ್ಣನೆಯ ಮರದ ಕಟಕಟೆ. ಊರೆಲ್ಲ ಹೊಗಳಿತು. ಅವನ ಮನಸ್ಸೂ ಸ್ವಲ್ಪ ಹಗುರಾಯಿತು.

ಹತ್ತಿ ಬಿಡಿಸಿದ ಮೇಲಿನ ಭೋಜನದ ದಿನ ಅವನು ಆ ಮೆಟ್ಟಿಲ ಬುಡದಲ್ಲೇ ನಿಂತಿದ್ದ. ಮುದುಕಿಯ ಮಗಳು ಬಂದಳು. ಕಟಕಟೆ ಸವರಿ ನೋಡಿದಳು.

"ಛಲೋ ಆಗ್ಯಾವ್ರಿ ಧಣ್ಯಾರ, ಮೆಟ್ಟಲಾ." ಆಮೇಲೆ ಮೆಲ್ಲಗೆ ಕೇಳಿದಳು, "ನಮ್ಮವ್ವ ಇದ್ದಿದ್ರ, ಇದನ್ನ ಹತ್ತಬೇಕಾಗಿತ್ತೇನ್ರಿ? ಇಲ್ಲಾ ನಿಮ್ಮ ಬಾಜೂಕ ಕುಂದ್ರತಿದ್ಲೇನ್ರಿ?"

ಅವನ ಬೆಂಚಿನಲ್ಲಿ ಜಾಗವಿತ್ತು. ಅವಳು ಒಂದು ಗಳಿಗೆ ಕಾದು, ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದಳು. ಅವನು ತನ್ನ ಬೆಂಚಿಗೆ ಹೋದ. ಆ ದಿನ ರೊಟ್ಟಿ ಅವನ ಗಂಟಲಲ್ಲಿ ಇಳಿಯಲಿಲ್ಲ ಎನ್ನುತ್ತಾರೆ. ಇಳಿಯದಿದ್ದರೆ ಬೇಡ!

ಯಾಕೆ ಹೀಗೆ ತಲೆ ತಗ್ಗಿಸಿದಿರಿ? ನಮ್ಮ ದೇವಾಲಯಕ್ಕೆ ಅಟ್ಟ ಇಲ್ಲವಲ್ಲ. ಹಿಂದಿನ ಗೋಡೆಗೆ ಮೆಟ್ಟಿಲೂ ಇಲ್ಲ. ಹಾಗಿದ್ದರೆ ಬಾಗಿಲ ಹತ್ತಿರದ ಚಾಪೆಯ ಮೇಲೆ ಪ್ರತಿ ಭಾನುವಾರ ಅದೇ ಓಣಿಯವರು ಯಾಕೆ ಕೂರುತ್ತಾರೆ? ತಿರುಗಿ ನೋಡಬೇಡಿ, ಅವರಿಗೆ ಮುಜುಗರವಾಗುತ್ತದೆ. ಯಾರು ಕೂತಿದ್ದಾರೆ ಎಂದು ನೋಡದೆಯೇ ನಿಮಗೆ ಗೊತ್ತಿದೆ. ಭೋಜನದ ದಿನ ಮುಂದಿನ ಬೆಂಚಿನವರು ದಡಬಡಿಸಿ ಎದ್ದು ಬರುವುದು ಭಕ್ತಿ ಹೆಚ್ಚಾಗಿಯೋ, ಆ ಓಣಿಯವರ ತುಟಿ ಪಾತ್ರೆಗೆ ತಾಗುವ ಮೊದಲು ನಮ್ಮದು ಮುಗಿಯಲಿ ಎಂದೋ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಪ್ರಿಯರೇ?

ನಾವೂ ಮೆಟ್ಟಿಲು ಅಗಲ ಮಾಡಿದವರೇ. ಮೊದಲು ಬರಿ ನೆಲವಿತ್ತು, ಈಗ ಚಾಪೆ ಹಾಸಿದ್ದೇವೆ. ಮದುವೆಗೆ ಕರೆಯುತ್ತೇವೆ, ಕೊನೆಯ ಪಂಕ್ತಿಯಲ್ಲಿ ಕೂರಿಸುತ್ತೇವೆ. ಮನೆಗೆಲಸದ ಹೆಂಗಸಿಗೆ ಚಹಾ ಕೊಡುತ್ತೇವೆ, ಅವಳ ಲೋಟ ಮಾತ್ರ ಹಿತ್ತಿಲ ಗೂಡಿನಲ್ಲಿ. ಇಂದು ಮನೆಗೆ ಹೋದವರೇ ಆ ಲೋಟವನ್ನು ಒಳಗೆ ತಂದು ನಿಮ್ಮ ಲೋಟಗಳ ಜೊತೆ ತೊಳೆದಿಡಿ. ನಾಳೆ ಬೆಳಿಗ್ಗೆ ಯಾವುದು ಯಾರದೆಂದು ನಿಮಗೂ ತಿಳಿಯಬಾರದು. ಮುಂದಿನ ಮದುವೆಯಲ್ಲಿ ಅವರ ಎಲೆ ನಿಮ್ಮ ಎಲೆಯ ಪಕ್ಕದಲ್ಲಿರಲಿ. ಮುಂದಿನ ಭಾನುವಾರ ಬೇಗ ಬಂದು ಚಾಪೆಯ ಮೇಲೆ ನೀವು ಕೂತು ನೋಡಿ.

ಇನ್ನು ಇವತ್ತಿನ ಮಾತು. ಯಾರೂ ಏಳಬೇಡಿ, ಈ ತಟ್ಟೆ, ಈ ಪಾತ್ರೆ ಮೊದಲು ಬಾಗಿಲ ಹತ್ತಿರ ಹೋಗುತ್ತವೆ. ಚಾಪೆಯವರೆಲ್ಲ ತೆಗೆದುಕೊಂಡ ಮೇಲೆ ಹಿಂದಿನ ಬೆಂಚು, ಆಮೇಲೆ ನಡುವಿನದು, ಕೊನೆಗೆ ಮುಂದಿನದು. ಅವರು ಕುಡಿದ ಪಾತ್ರೆಯಲ್ಲೇ ನೀವು ಕುಡಿಯುತ್ತೀರಿ. ಬೇಡವೆನಿಸಿದವರು ಈಗಲೇ ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ನಿಮ್ಮ ತನಕ ಬರುವಷ್ಟರಲ್ಲಿ ರೊಟ್ಟಿ ತೀರಿದರೆ ಇನ್ನೊಂದು ತರಿಸಿ ಎಂದು ಕೇಳಬೇಡಿ. ಇದೊಂದು ಸಲ ನೀವು ಆ ಮುದುಕಿಯ ಹಾಗೆ ಬರಿಗೈ ಚಾಚಿಕೊಂಡು ಕಾಯಿರಿ.