ಅರ್ಧ ನೇಯ್ದ ಸೀರೆ

ತಿರುಪ್ಪೂರಿನ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ನೇಕಾರ ದಂಪತಿಯ ಕನ್ನಡ ಕೇಳಿಬಂದು ಭಾರ್ಗವಿ ಕಿವಿಗೊಟ್ಟಳು. ಮಗ್ಗದ ಗುಂಡಿಯಿಂದ ಏಳುವಾಗ ಮುದುಕನ ಪಾದ ಒಳಕ್ಕೆ ಹೊರಳಿತ್ತು. ಊದಿದ ಆ ಕಾಲನ್ನು ಹೆಂಡತಿ ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು.

“ಮೂಳೆ ಮುರಿದಿಲ್ಲ ಅಂದ್ರಲ್ಲ. ಮತ್ತ್ಯಾಕೆ ಮಗ್ಗ ತುಳೀಬಾರ್ದು?”

“ಕಣಕಾಲಿನ ಹೊರಗಡೆ ಮೂಳೇನ ಹಿಡ್ಕೊಂಡಿರೋ ನಾರು ಹರಿದದೆ ಅಂದ್ರಲ್ಲ. ನೀವು ಬಿಸಿ ಎಣ್ಣೆ ಹಾಕಿ ತಿಕ್ಕಿಸ್ಕೊಂಡು ಇನ್ನೂ ಊದಿಸಿದ್ರಿ.”

“ಮುರಿದಿದ್ರೆ ನೇಯಕ್ಕಾಗಲ್ಲ ಅಂತ ಊರಾದ್ರೂ ನಂಬ್ತಿತ್ತು. ಅರ್ಧ ಸೀರೆ ಮಗ್ಗದಲ್ಲೇ ಅದೆ, ಸಂಕ್ರಾಂತಿ ಬರೋ ತೈ ತಿಂಗಳು ಅದನ್ನ ಉಡೋ ಹುಡುಗಿ ಮದುವೆ.”

“ನಾನು ಕೂರ್ತೀನಿ.”

“ನಡುವೆ ಆಳು ಬದಲಾದ್ರೆ ಸೀರೇಲಿ ಗೆರೆ ಬೀಳ್ತದೆ ಕಣೇ. ನಿನ್ನ ಕೈ ಬೇರೆ, ನನ್ನ ಕೈ ಬೇರೆ.”

“ಹೋದ ಆಡಿ ತಿಂಗಳಲ್ಲಿ ಜ್ವರ ಬಂದು ಮಲಗಿದ್ರಿ. ಎಲ್ಲಿಗೆ ಬಿಟ್ಟಿದ್ರಿ ಅನ್ನೋದೂ ನೆನಪಿರ್ಲಿಲ್ಲ. ಎದ್ದು ಬಂದು ಮುಂದಕ್ಕೆ ನೇಯ್ದ್ರಲ್ಲ, ಗೆರೆ ಕಂಡ್ರಾ?”

ಮುದುಕ ಹೆಂಡತಿಯತ್ತ ತಿರುಗಿದ.

“ನೀನಾ?”

“ಇಲ್ಲ, ಚೌಡೇಶ್ವರಿ ತಾಯಿ ಬಂದು ನೇಯ್ದು ಹೋದಳು.”

ಅಷ್ಟರಲ್ಲಿ ಆಟೋ ಬಂತು. ನೋವಿನ ಕಾಲನ್ನು ನೆಲಕ್ಕೆ ಊರದೆ, ಅವಳ ಹೆಗಲು ಹಿಡಿದು ಅವನು ಎದ್ದ. ಬಾಗಿಲು ದಾಟುವಾಗ ಅವನ ದನಿ ಭಾರ್ಗವಿಗೆ ಕೇಳಿಸಿತು.

“ಮಗ್ಗದ ಎಡಗಡೆ ಹಲಗೆ ಸ್ವಲ್ಪ ಬಿಗಿ. ಮೆಲ್ಲಗೆ ತುಳಿ.”

“ಗೊತ್ತು,” ಎಂದಳು ಹೆಂಡತಿ.