ಮಲ್ಕಮ್ಮ ಕೇಳಿದ ಹಿಡಿ ಉಪ್ಪು

ಕಂದೀಲು ಸಣ್ಣದು ಮಾಡ್ರಿ... ಇದು ಜೋರಾಗಿ ಹೇಳುವ ಮಾತಲ್ಲ. ನಮ್ಮ ಸೋದರಮಾವನ ನೆರೆಮನೆಯ ಅಣ್ಣಾರಾಯನಿಗೆ ಆದದ್ದು. ಎಪ್ಪತ್ತಾರನೇ ಇಸವಿಯ ಸುಮಾರು.

ಆಳಂದದಿಂದ ಬಂದ ಕಡೇ ಬಸ್ಸು ಅವನನ್ನು ಖಜೂರಿ ಹತ್ತಿರ ಇಳಿಸಿ ಹೋಯಿತು. ಮುಂದೆ ಹೊಲದ ಹಾದಿ. ಕೈಚೀಲದಲ್ಲಿ ಬೆಲ್ಲ, ಬೇಳೆ, ಒಂದು ಕಿಲೋ ಹರಳುಪ್ಪು. ಉಪ್ಪನ್ನು ದೌಲತರಾಯನ ಕಿರಾಣಿ ಅಂಗಡಿಯಲ್ಲಿ ಹಗಲಿಗೇ ಕಟ್ಟಿಸಿಕೊಂಡಿದ್ದ. ದೀಪ ಹಚ್ಚಿದ ಮೇಲೆ ಉಪ್ಪನ್ನು ಯಾರೂ ಹೊರಗೆ ಕೊಡುವುದಿಲ್ಲವಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆಂದು.

ಸಾಮಾನು ತನಗಲ್ಲ. ಬೆಳಗಾದರೆ ಸೊಲ್ಲಾಪುರದ ಗಿರಣಿಗೆ ಹೊರಡುವವನು ಅವನು. ತಾಯಿಯಿಲ್ಲದ ಮಗಳು ಶಿವಕಾಂತಾ ಆಗಲೇ ತಮ್ಮ ದತ್ತಪ್ಪನ ಮನೆಯಲ್ಲಿದ್ದಳು; ಅವಳನ್ನು ಅಲ್ಲೇ ಬಿಟ್ಟು ಹೋಗಬೇಕು. ಬರಿಗೈಲಿ ಬಿಡಬಾರದೆಂದು ಇಷ್ಟು ತಂದಿದ್ದ.

ಹಾದಿಯ ಪಕ್ಕ ಬೇವಿನ ಮರದ ಕೆಳಗೆ ಬಾವಿ. ಹೋದ ದೀಪಾವಳಿಯ ಮುಂದೆ ಅವನ ಹೆಂಡತಿ ಮಲ್ಕಮ್ಮ ಬಿದ್ದು ಸತ್ತದ್ದು ಅದರಲ್ಲೇ. ಕೆಲಸ ಹುಡುಕಲು ಹೋಗಿದ್ದ ಅವನು ಊರಲ್ಲಿರಲಿಲ್ಲ. "ನೀರು ಸೇದಾಕ ಹೋಗಿದ್ಳು, ತಲಿ ತಿರುಗಿ ಬಿದ್ಳಣ್ಣ," ಎಂದಿದ್ದ ದತ್ತಪ್ಪ. ಒಡಹುಟ್ಟಿದವನ ಮಾತು. ನಂಬಿದ.

ಬಾವಿ ದಾಟುವಾಗ ಕೇಳಿಸಿತು...

ಸರಕ್... ಸರಕ್... ಬೋಗುಣಿಯಲ್ಲಿ ಕಾಳು ತೊಳೆಯುವ ಸಪ್ಪಳ. ನಡುನಡುವೆ ಗಾಜಿನ ಬಳೆ ಹಿತ್ತಾಳೆಯ ಅಂಚಿಗೆ ತಾಗಿ... ಟಿಣ್.

ನಿಂತ.

"ಉಪ್ಪು ಅದೇನ್ರಿ?"

ಪಿಸುಮಾತು. ಯಾರದೆಂದು ಯೋಚಿಸಬೇಕಾಗಲಿಲ್ಲ. ರೂಢಿಯ ಮಾತೇ ಬಾಯಿಂದ ಹೊರಬಿತ್ತು.

"ದೀಪ ಹಚ್ಚ್ಯಾರ ಬೇ..."

"ಅಕಿನೂ ಹಂಗೇ ಅಂದ್ಳು."

ಮತ್ತೆ ಸರಕ್... ಸರಕ್... ಅಣ್ಣಾರಾಯ ಉಪ್ಪಿನ ಪೊಟ್ಟಣ ತೆಗೆದು ಬಾವಿಯ ಕಟ್ಟೆಯ ಮೇಲಿಟ್ಟ. ಮುಖ ಆಚೆ ತಿರುಗಿಸಿದ. ಕಾಗದ ಬಿಚ್ಚಿದ ಸಪ್ಪಳವಿಲ್ಲ. ಆದರೆ ಹರಳುಗಳು ನೀರಿಗೆ ಬಿದ್ದವು... ಜುಳ್.

"ತೇಲಿದ್ವು ನೋಡ್ರಿ," ಎಂದಿತು ದನಿ. "ಚೀಲದ ತಳಕ್ಕ ಕೈ ಹಾಕ್ರಿ."

ಆಮೇಲೆ ಏನಿಲ್ಲ. ತಿರುಗಿದರೆ ಪೊಟ್ಟಣ ಇಟ್ಟಲ್ಲೇ ಇತ್ತು. ದಾರದ ಗಂಟು ಹಾಗೇ.

ಯಾವ ಚೀಲವೆಂದು ಅವನಿಗೆ ಗೊತ್ತು. ಅವನಿಲ್ಲದಾಗ ದತ್ತಪ್ಪನೇ ರಾಶಿ ಮಾಡಿ, ಪಾಲು ಹಂಚಿ, ಮಲ್ಕಮ್ಮನಿಗೆ ತಂದು ಕೊಟ್ಟ ಸಜ್ಜೆಯ ಚೀಲ. ಅವಳು ಸತ್ತ ಮೇಲೆ ಮನೆಯಲ್ಲಿ ಒಲೆ ಉರಿದಿರಲಿಲ್ಲ. ಚೀಲ ಮೂಲೆಯಲ್ಲೇ ನಿಂತಿತ್ತು.

ಮನೆಗೆ ಬಂದವನೇ ಅದರೊಳಗೆ ಮೊಳಕೈ ಮುಳುಗುವಷ್ಟು ಕೈ ಹಾಕಿದ. ಕಡ್ಡಿ ಗೀರಿ ನೋಡಿದರೆ ಹಿಡಿಯಲ್ಲಿ ಕಾಳಿಗಿಂತ ಕಪ್ಪೇ ಹೆಚ್ಚು. ಇಲಿಯ ಹಿಕ್ಕೆಯಂಥ, ತುದಿ ಚೂಪಾದ ಕಪ್ಪು.

ಜೋನಿ ರೋಗ ಕಂಡವರಿಗೆ ಗೊತ್ತು. ಸಜ್ಜೆ ಹೂವಾಡುವಾಗ ಜಿಟಿಜಿಟಿ ಮಳೆ ಹಿಡಿದರೆ ತೆನೆಗೆ ಬೂಜು ಹೊಗುತ್ತದೆ. ಮೊದಲು ತೆನೆ ಜೇನು ಸುರಿಸುತ್ತದೆ. ನೊಣ ಮುತ್ತುತ್ತವೆ, ಇರುವೆ ಮುತ್ತುತ್ತವೆ, ನೋಡಿದವರು ಬಂಪರ್ ಬೆಳೆ ಅನ್ನಬೇಕು. ಆಮೇಲೆ ಕಾಳು ಕೂಡಬೇಕಾದ ಮನೆಯಲ್ಲಿ ಆ ಬೂಜೇ ಗಟ್ಟಿಯಾಗಿ, ಕಪ್ಪಾಗಿ ಕೂಡುತ್ತದೆ. ತಿಂದರೆ ವಾಂತಿ, ಮಂಪರು, ತಲೆತಿರುಗು. ಉಪಾಯ ಒಂದೇ: ಉಪ್ಪುನೀರಿಗೆ ಹಾಕಿದರೆ ಒಳ್ಳೆ ಕಾಳು ಮುಳುಗುತ್ತದೆ, ಕಪ್ಪು ತೇಲುತ್ತದೆ.

ಹಿಡಿ ಬಿಗಿದುಕೊಂಡೇ ತಮ್ಮನ ಮನೆಗೆ ಹೋದ. ದತ್ತಪ್ಪನ ಹೆಂಡತಿ ಬಾಳಮ್ಮ ಕದ ತೆಗೆದಳು.

"ಬಾಳಮ್ಮಾ, ಒಂದು ಹಿಡಿ ಉಪ್ಪು ಕೊಡವ್ವ."

"ಈಗ ಉಪ್ಪು ಹ್ಯಾಂಗ ಕೊಡ್ಲಿ ಭಾವ? ದೀಪ ಹಚ್ಚೇವಲ್ಲ. ಅಕ್ಕಗೂ ಅವತ್ತ ಹಂಗೇ ಹೇಳಿ..."

ಒಳಗೆ ದತ್ತಪ್ಪ ಕೆಮ್ಮಿದ.

ಅಣ್ಣಾರಾಯ ದೀಪದ ಕೆಳಗೆ ಹಿಡಿ ಬಿಚ್ಚಿದ.

"ಜೋನಿ ಎಲ್ಲಾರಿಗೂ ಬಿದ್ದಿತ್ತಣ್ಣ," ಎಂದ ದತ್ತಪ್ಪ, ನೆಲ ನೋಡುತ್ತ. "ನಮ್ಮ ಹೊಲಕ್ಕೇನ ಬಿಟ್ಟಿತ್ತಾ? ಪಾಲು ಅಂದ್ರ ಪಾಲು."

"ಮ್ಯಾಲೆರಡು ಸೇರು ಒಳ್ಳೇದು, ತಳಕ್ಕ ಇದು. ಇದೇನೋ ಪಾಲು?"

"ತೊಳಕೊಂಡು ತಿಂತಾಳ ಅಂತ ಮಾಡಿದ್ದೆ..."

"ತೊಳಿಯಾಕೇ ಬಂದಿದ್ಳಲ್ಲೋ ನಿಮ್ಮ ಬಾಗಲಿಗೆ!"

ಬಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ತೊಳದ್ರ ಎಲ್ಲಾ ತೇಲಿ ಗೊತ್ತಾಗ್ತದ, ಕೊಡಬ್ಯಾಡ ಅಂದವರು ಇವರೇ ಭಾವ..."

ಅಣ್ಣಾರಾಯ ಕೈ ಎತ್ತಲಿಲ್ಲ, ಕೂಗಲಿಲ್ಲ. ಆ ಕಪ್ಪನ್ನು ತಮ್ಮನ ಊಟದ ತಾಟಿಗೆ ಸುರುವಿದ. ಮಲಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡ. ಬೆಲ್ಲ, ಬೇಳೆ, ಉಪ್ಪು ಯಾವುದನ್ನೂ ಆ ಮನೆಯಲ್ಲಿ ಬಿಡಲಿಲ್ಲ.

ಮುಂಜಾನೆ ಆಳಂದದಲ್ಲಿ ಬಸ್ಸು ಬದಲಿಸುವಾಗ ದೌಲತರಾಯನ ಅಂಗಡಿಗೆ ಬಂದ. ಸಾಮಾನು ವಾಪಸ್ ತಗೋ, ಮಗಳ ಟಿಕೀಟಿಗೆ ಆಗಲಿ ಎಂದ.

ದೌಲತರಾಯ ದೆವ್ವಕ್ಕೂ ದೇವರಿಗೂ ಒಂದೇ ತೂಕ ಕೊಡುವ ಮನುಷ್ಯ. ತಾನೇ ಹಾಕಿದ ಗಂಟು ನೋಡಿದ. ಕಾಗದ ತಿರುಗಿಸಿ ನೋಡಿದ, ತೂತಿಲ್ಲ, ಹಸಿಯಿಲ್ಲ. ತಕ್ಕಡಿಗೆ ಇಟ್ಟ. ಒಮ್ಮೆ ಅಲ್ಲ, ತಟ್ಟೆ ಬದಲಿಸಿ ಮತ್ತೊಮ್ಮೆ.

ತನ್ನ ತೂಕ ಕಡಿಮೆ ಬಿತ್ತೆಂದು ಗಿರಾಕಿಯೆದುರು ಒಪ್ಪಿಕೊಳ್ಳುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆವತ್ತು ದೌಲತರಾಯ ಒಪ್ಪಿಕೊಂಡ. ಅದಕ್ಕೇ ಹೇಳುವುದು, ಇದು ಖರೇ ನಡೆದದ್ದು.

ಗಂಟು ಬಿಚ್ಚಿರಲಿಲ್ಲ. ಉಪ್ಪು ಮಾತ್ರ... ಒಂದು ಹಿಡಿ ಕಡಿಮೆ ಇತ್ತು.